ಅಲಮಾರಿಯ ಬೆನ್ನು

ಅಲಮಾರಿಗೆ ಬೆನ್ನೆಂಬುದೊಂದು ಇರುತ್ತದೆ ಎಂಬ ಸಂಗತಿಯನ್ನು ನಾನು ತೀರ ತಡವಾಗಿ, ಕಿವಿಯ ಬಳಿ ಕೂದಲು ನರೆಯತೊಡಗಿದ ಮೇಲೆ, ಮಾದಾಪುರದ ಒಂದು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ನಿಂತು ಕಂಡುಕೊಂಡೆ. ನಗಬೇಡಿ. ನಿಮ್ಮ ಮನೆಯ ಅಲಮಾರಿಯ ಬೆನ್ನನ್ನು ನೀವು ಎಂದಾದರೂ ನೋಡಿದ್ದೀರಾ? ಅದರ ಮುಖಾರವಿಂದವೇನೋ ನಮಗೆಲ್ಲ ಕಂಠಪಾಠ: ಯಾವ ಬಾಗಿಲು ಕಿರುಗುಟ್ಟುತ್ತದೆ, ಯಾವ ಹಿಡಿಕೆಯನ್ನು ತುಸು ಎತ್ತಿ ತಿರುಗಿಸಬೇಕು, ಕನ್ನಡಿಯ ಯಾವ ಮೂಲೆಯಲ್ಲಿ ಯಾರ ಹಣೆಯ ಟಿಕಳಿ ಅಂಟಿಕೊಂಡು ಒಣಗಿದೆ ಎಂಬುದನ್ನೆಲ್ಲ ಕಣ್ಣುಮುಚ್ಚಿ ಹೇಳಬಲ್ಲೆವು. ಬೆನ್ನಿನ ಮಾತು ಬೇರೆ. ಅದು ಗೋಡೆಗೂ ಅಲಮಾರಿಗೂ ನಡುವಣ ಏಕಾಂತ ವ್ಯವಹಾರ. ಆ ಏಕಾಂತಕ್ಕೆ ಸಾಕ್ಷಿಯಾಗುವವರು ಲೋಕದಲ್ಲಿ ಇಬ್ಬರೇ, ಒಂದು ಹಲ್ಲಿ, ಇನ್ನೊಬ್ಬ ಹಮಾಲಿ.

ಹಲ್ಲಿಯ ಅಭಿಪ್ರಾಯ ತಿಳಿಯುವ ಉಪಾಯ ನನಗೆ ಗೊತ್ತಿಲ್ಲ. ಆದರೆ ಹಮಾಲಿಗಳನ್ನು ಕಂಡಾಗೆಲ್ಲ ನನಗೊಂದು ಕುತೂಹಲ. ನೆಂಟರು ನಮ್ಮ ಮನೆಗೆ ಬಂದರೆ ಪಡಸಾಲೆಯಷ್ಟನ್ನೇ ನೋಡಿ, ಚಹಾ ಕುಡಿದು, ನಾವು ತೋರಿಸಬೇಕೆಂದಿದ್ದನ್ನಷ್ಟೇ ಕಂಡು ಹೋಗುತ್ತಾರೆ. ಇವರಾದರೋ ಒಂದೇ ಬೆಳಗಿನಲ್ಲಿ ನಮ್ಮ ಮಂಚದ ತಳ, ಸೋಫಾದ ಹರಕು, ಟ್ರಂಕಿನ ಭಾರ ಎಲ್ಲವನ್ನೂ ತಿಳಿದುಕೊಂಡು, ಕೈ ತೊಳೆದು, ಮತ್ತೊಬ್ಬರ ಸಂಸಾರ ಹೊರಲು ಹೊರಟುಬಿಡುತ್ತಾರೆ. ದಾರಿಯಲ್ಲಿ ತಮ್ಮತಮ್ಮೊಳಗೆ ನಮ್ಮ ಬಗ್ಗೆ ಏನು ಮಾತಾಡಿಕೊಳ್ಳುತ್ತಾರೆ? ಈ ಪ್ರಶ್ನೆಗೆ ಉತ್ತರ ಸಿಗುವ ಸುಯೋಗ ನನಗೊಮ್ಮೆ ಒದಗಿತ್ತು. ಅದನ್ನು ಸುಯೋಗವೆಂದು ಕರೆಯುವಷ್ಟು ಧೈರ್ಯ ಈಗ ಬಂದಿದೆ, ಆಗ ಇರಲಿಲ್ಲ.

ನಾವು ಮಲ್ಕಾಜ್‌ಗಿರಿಯವರು. ಅಪ್ಪ ರೈಲ್ವೆ ನೌಕರಿಯ ನಿಮಿತ್ತ ರಾಯಚೂರಿನ ಕಡೆಯಿಂದ ಬಂದು ಸ್ಟೇಷನ್ನಿನ ಸಮೀಪ ಒಂದು ಬಾಡಿಗೆ ಮನೆ ಹಿಡಿದವರು, ದೇಶದ ಜನರನ್ನೆಲ್ಲ ಊರಿಂದೂರಿಗೆ ಸಾಗಿಸುವ ಇಲಾಖೆಯಲ್ಲಿ ಸಂಬಳ ಪಡೆಯುತ್ತ, ತಾವು ಮಾತ್ರ ಒಂದು ಸಲವೂ ಮನೆ ಬದಲಿಸದೆ ಆಯುಷ್ಯ ಮುಗಿಸಿದರು. ಈ ಸ್ಥಾವರ ಸ್ವಭಾವ ನನಗೂ ಪಿತ್ರಾರ್ಜಿತವಾಗಿ ಬಂದಿತ್ತು. ಬಾಲಾನಗರದ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ನಟ್ಟು ಬೋಲ್ಟುಗಳ ಯೋಗಕ್ಷೇಮ ನೋಡಿಕೊಂಡು ನಾನೂ ಸುಖವಾಗಿದ್ದೆ. ನನ್ನ ಹೆಂಡತಿ ಸುಮಂಗಲಾ ಜಂಗಮ ಜಾತಿಗೆ ಸೇರಿದವಳು. ಮಾದಾಪುರದ ಹೆಬ್ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಆ ಕಾಲದಲ್ಲಿ, ಹಾಗೆ ಎದ್ದ ಒಂದು ಗಾಜಿನೊಳಗೆ ಅವಳಿಗೆ ಕೆಲಸ ಸಿಕ್ಕಿತು. ದಿನಾ ಊರಿನ ಈ ತುದಿಯಿಂದ ಆ ತುದಿಗೆ ಆಟೋ, ಬಸ್ಸು, ಮತ್ತೆ ಆಟೋ ಎಂದು ಅಲೆದು, ಸಂಜೆ ಬಂಡೆಯ ಧೂಳಿನಲ್ಲಿ ಅಭಿಷೇಕ ಮಾಡಿಸಿಕೊಂಡು ಮನೆಗೆ ಬರುತ್ತಿದ್ದಳು. ಅಷ್ಟರಲ್ಲಿ ನಮ್ಮ ಮನೆಯ ಮಾಲೀಕರೂ ಜಾಗವನ್ನು ಬಿಲ್ಡರಿಗೆ ಕೊಡುವುದೆಂದು ತೀರ್ಮಾನಿಸಿದರು. ಹೀಗೆ ಮಾದಾಪುರದ ಹೊಸ ಅಪಾರ್ಟ್‌ಮೆಂಟಿನ ಐದನೆಯ ಅಂತಸ್ತಿನಲ್ಲಿ ಒಂದು ಬಾಡಿಗೆ ಮನೆ ಗೊತ್ತಾಯಿತು.

ಇನ್ನು ಅವ್ವ. ಈ ಏರ್ಪಾಟಿನ ಬಗ್ಗೆ ಅವ್ವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವಳು ಹೊಸಿಲಲ್ಲಿ ಕೂತರೆ ಹೋಗುವ ಬರುವ ರೈಲಿನಿಂದಲೇ ಹೊತ್ತು ತಿಳಿಯುತ್ತಿದ್ದವಳು, ಬೀದಿಯಲ್ಲಿ ಹಾಯುವ ಪ್ರತಿಯೊಬ್ಬರನ್ನೂ ತಡೆದು ಕ್ಷೇಮ ವಿಚಾರಿಸುತ್ತಿದ್ದವಳು. ಐದನೆಯ ಅಂತಸ್ತಿನಲ್ಲಿ ಹಾಯುವವರು ಕಾಗೆಗಳು ಮಾತ್ರ ಎಂಬುದು ಅವಳಿಗೆ ಹೇಳದೆಯೇ ಗೊತ್ತಿತ್ತು. ಕೊನೆಗೆ ಒಂದು ದಿನ ಅಕ್ಕಿ ಆರಿಸುತ್ತ ಒಂದು ಶರತ್ತು ಹಾಕಿದಳು. "ಶನಿವಾರ ಸ್ಥಿರವಾರ, ಚಲೋ ಐತಿ. ಆದ್ರ ರಾಹುಕಾಲ ಬರೂದ್ರಾಗ ನಮ್ಮ ಒಲಿ ಮ್ಯಾಲ ಹಾಲು ಉಕ್ಕಬೇಕು. ಹಾಲು ಉಕ್ಕೂತನಕ ಒಂದ ಸಾಮಾನೂ ಹೊಸ ಮನಿ ಹೊಸ್ತಲ ದಾಟಬಾರ್ದು. ಇಲ್ಲಂದ್ರ ನನ್ನ ಅಲ್ಲಿಂದನ ರಾಯಚೂರ ಬಸ್ ಹತ್ತಿಸಿಬಿಡ್ರಿ, ತಂಗಿ ಮನ್ಯಾಗ ಇರ್ತೀನಿ." ಹೇಳುವುದನ್ನು ಹೇಳಿ ಮತ್ತೆ ಅಕ್ಕಿಗೆ ತಿರುಗಿದಳು. ಸುಮಂಗಲಾಳ ಮುಖ ಸಣ್ಣದಾಯಿತು. ಅತ್ತೆ ಸೊಸೆಯರ ಬಗ್ಗೆ ಲೋಕ ಏನಾದರೂ ಹೇಳಲಿ, ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುವಾಗ ದಿನದ ಸುದ್ದಿಯನ್ನೆಲ್ಲ ಮೊದಲು ಸುರಿಯುತ್ತಿದ್ದುದು ಅವ್ವನ ಮುಂದೆ. ನನ್ನ ಪಾಲಿಗೆ ಬರುತ್ತಿದ್ದುದು ಸಾರಾಂಶ ಮಾತ್ರ.

ಅವ್ವನ ಶರತ್ತನ್ನು ನಾನು ಅಕ್ಷರಶಃ ಪಾಲಿಸಲು ಪಣ ತೊಟ್ಟೆ. ಉಗ್ರಾಣದವನಲ್ಲವೇ? ನಮ್ಮ ವೃತ್ತಿಯಲ್ಲೊಂದು ಮೂಲಮಂತ್ರವಿದೆ, ಮೊದಲು ಒಳಗೆ ಬಂದದ್ದು ಮೊದಲು ಹೊರಗೆ ಹೋಗಬೇಕು. ಈ ಮಂತ್ರವನ್ನು ಜಪಿಸುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಹೊಸ ಮನೆಯಲ್ಲಿ ಮೊದಲು ಇಳಿಯಬೇಕಾದದ್ದು ಗ್ಯಾಸಿನ ಒಲೆ, ಸಿಲಿಂಡರು ಮತ್ತು ಹಾಲಿನ ಪಾತ್ರೆ. ಆದ್ದರಿಂದ ಶನಿವಾರ ನಸುಕಿನಲ್ಲಿ ಲಾರಿ ಬಂದಾಗ, ನಾನೇ ಮುಂದೆ ನಿಂತು, ಆ ಮೂರನ್ನೂ ಎಲ್ಲಕ್ಕಿಂತ ಮೊದಲು ಲಾರಿಗೆ ಏರಿಸಿದೆ. ಸುಮಂಗಲಾ "ಅದನ್ನ ಕಡೀಕ ಏರಸ್ಬೇಕಲ್ಲೇನ್ರಿ?" ಎಂದು ಕೇಳಿದ್ದು ನಿಜ. ನಾನು ಕೈಯೆತ್ತಿ, ಇದು ಶಾಸ್ತ್ರ, ನಿನಗೆ ತಿಳಿಯದು ಎಂಬರ್ಥದ ಒಂದು ಮಂದಹಾಸ ಬೀರಿದ್ದೂ ನಿಜ. ಉಗ್ರಾಣಕ್ಕೆ ಎರಡು ಬಾಗಿಲು, ಲಾರಿಗೆ ಒಂದೇ ಎಂಬ ವ್ಯತ್ಯಾಸವನ್ನು ನಮ್ಮ ಶಾಸ್ತ್ರದಲ್ಲಿ ಯಾರೂ ಬರೆದಿಲ್ಲ.

ಅವ್ವ ಹೊರಡುವಾಗ ಒಂದು ಬಟ್ಟೆಯ ಕೈಚೀಲವನ್ನು ಮಾತ್ರ ಲಾರಿಗೆ ಕೊಡಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಸುಮಂಗಲಾಳೊಂದಿಗೆ ಆಟೋದಲ್ಲಿ ಕೂತಳು. ಅದರಲ್ಲೇನಿದೆ ಎಂದು ಕೇಳಿದ್ದಕ್ಕೆ "ನಂದು ಐತಿ" ಎಂದಷ್ಟೇ ಅಂದಳು. ರಾಯಚೂರಿನ ಬಸ್ಸು ಹತ್ತುವವರು ಹಿಡಿಯುವಂಥದ್ದೇ ಗಾತ್ರದ ಚೀಲ ಅದು. ನಾನು ಲಾರಿಯ ಮುಂದಿನ ಸೀಟಿನಲ್ಲಿ ಕೂತು ಊರು ದಾಟುವವರೆಗೂ ಆ ಚೀಲದ ಬಗ್ಗೆಯೇ ಯೋಚಿಸುತ್ತಿದ್ದೆ.

ಸಾಮಾನು ಏರಿಸಿದವರು ಮಲ್ಕಾಜ್‌ಗಿರಿಯಲ್ಲೇ ಉಳಿದರು. ಇಳಿಸುವವರನ್ನು ಮಾದಾಪುರದಲ್ಲಿ ಹಿಡಿಯಬೇಕು. ಹೈದರಾಬಾದಿನಲ್ಲಿ ಅದಕ್ಕೆ ಅಡ್ಡಾ ಇದೆ. ಬೆಳಿಗ್ಗೆ ನಾಲ್ಕು ರಸ್ತೆ ಕೂಡುವಲ್ಲಿ ಕೂಲಿಯವರು ಗುಂಪುಗಟ್ಟಿ ನಿಂತಿರುತ್ತಾರೆ, ಬೇಕಾದವರು ಹೋಗಿ ಮಾತಾಡಿ ಕರೆತರಬೇಕು. ಕರೆಯಲು ಹೋದವನನ್ನು ಅವರೇ ಮೇಲಿಂದ ಕೆಳಗೆ ನೋಡಿ ಪರೀಕ್ಷೆ ಮಾಡುತ್ತಾರೆ. ನಾನು ಹೊರಗೆ ಕಾಲಿಟ್ಟರೆ ತೆಲುಗು ಮಾತಾಡುವವನು, ತೆಲುಗು ಸಾಲದಿದ್ದರೆ ಹಿಂದಿ. ಬಿಳಿ ಟವೆಲು ಸುತ್ತಿದ್ದ ಒಬ್ಬ ಮೇಸ್ತ್ರಿ ಮುಂದೆ ಬಂದು, ನನ್ನಷ್ಟೇ ಕಷ್ಟಪಟ್ಟು ತೆಲುಗಿನಲ್ಲಿ ಉತ್ತರಿಸಿದ. ಹೆಸರು ಯಂಕಪ್ಪ ಅಂದ. ನಾಲ್ಕಾರು ಜನ ಸಂಗಾತಿಗಳೊಂದಿಗೆ ಲಾರಿಯ ಹಿಂದೆ ನಡೆದು ಬಂದ.

ಗೇಟಿನ ಮುಂದೆ ಲಾರಿಯ ಹಿಂಬಾಗಿಲು ಬಿಚ್ಚಿದಾಗ ನನಗೆ ಮೊದಲು ಕಂಡದ್ದು ಕಸಬರಿಗೆ. ಅದರ ಹಿಂದೆ ಕುರ್ಚಿಗಳು, ಅದರ ಹಿಂದೆ ಸೋಫಾ, ಮಂಚ, ಅಲಮಾರಿ, ಟ್ರಂಕುಗಳ ಗೋಡೆ. ಅದೆಲ್ಲದರ ಹಿಂದೆ, ಗರ್ಭಗುಡಿಯಲ್ಲಿ, ನನ್ನ ಒಲೆ. ಸುಮಂಗಲಾ ನನ್ನನ್ನು ನೋಡಿದಳು. ನಸುಕಿನ ನನ್ನ ಮಂದಹಾಸವನ್ನು ನನಗೇ ಮರಳಿಸಿದಳು. ಹಾಲು ಉಕ್ಕುವ ತನಕ ಒಂದು ಸಾಮಾನೂ ಮನೆಯೊಳಗೆ ಹೋಗುವಂತಿಲ್ಲ. ಎಲ್ಲ ಸಾಮಾನೂ ಇಳಿಯುವ ತನಕ ಒಲೆ ಹೊರಗೆ ಬರುವಂತಿಲ್ಲ. ಪಕ್ಕದ ಮನೆಯವರ ಒಲೆ ಕೇಳೋಣವೆಂದೆ. ಆಟೋದಿಂದ ಇಳಿಯುತ್ತಿದ್ದ ಅವ್ವ, "ಯಾಕ, ನಾವೇನು ಒಲಿ ಇಲ್ಲದ ಮಂದಿಯೇನು?" ಎಂದಳು. ಆಗಲೇ ಬಿಸಿಲು ಗೇಟು ದಾಟಿ ಒಳಗೆ ಬಂದಿತ್ತು. ಒಂಬತ್ತಕ್ಕೆ ರಾಹುಕಾಲ.

ಉಳಿದದ್ದು ಒಂದೇ ದಾರಿ. ಮೇಲಿನ ಮಹಡಿಗಳಿಗೆಲ್ಲ ಕಂಬಗಳೇ ಕಾಲಾಗಿದ್ದ ಆ ಕಟ್ಟಡದ ಕೆಳಗೆ ಪಾರ್ಕಿಂಗ್ ವಿಶಾಲವಾಗಿತ್ತು, ಕಾರುಗಳಿನ್ನೂ ವಿರಳವಾಗಿದ್ದವು. ಸಾಮಾನನ್ನೆಲ್ಲ ಅಲ್ಲೇ ಇಳಿಸುವುದೆಂದು ತೀರ್ಮಾನಿಸಿ, ನಾನು ಯಂಕಪ್ಪನಿಗೆ ತೆಲುಗಿನಲ್ಲಿ ಈ ಸಂಕೀರ್ಣ ಪರಿಸ್ಥಿತಿಯನ್ನು ವಿವರಿಸತೊಡಗಿದೆ. ಹಾಲು, ಒಲೆ, ರಾಹು, ಹೊಸಿಲು ಎಲ್ಲ ಸೇರಿ ನನ್ನ ತೆಲುಗು ಅಲ್ಲೇ ಮಗುಚಿ ಬಿತ್ತು. ಅವನು ಗಂಭೀರವಾಗಿ ತಲೆಯಾಡಿಸಿ, ತನ್ನ ಸಂಗಾತಿಗಳತ್ತ ತಿರುಗಿ ಮೆಲ್ಲಗೆ ಹೇಳಿದ: "ಯಜಮಾನ ಒಲಿನ ಮದ್ಲ ಒಳಗ ಹಾಕ್ಯಾನ. ಪಾಪ, ಭಾಳ ಓದಿದಂಗ ಕಾಣ್ತಾನ."

ಹೇಳಿದ್ದು ನಮ್ಮ ಕಡೆಯ ಕನ್ನಡದಲ್ಲಿ. ಅವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಯಾವ್ ಊರೋ ತಮ್ಮಾ ನಿಮ್ದು?"

"ದೇವದುರ್ಗದ ಕಡಿಯವ್ರ್ರಿ ಅವ್ವಾರ" ಎಂದ ಯಂಕಪ್ಪ, ನಾಲಿಗೆ ಕಚ್ಚಿಕೊಂಡು. "ತಪ್ ತಿಳ್ಕಾಬ್ಯಾಡ್ರಿ ಯಜಮಾನ್ರ, ನೀವು ಇಲ್ಲಿಯವ್ರು ಅನ್ಕಂಡಿದ್ವಿ."

ಅಡ್ಡಾದಿಂದ ಇಲ್ಲಿಯವರೆಗೆ ಇಬ್ಬರು ಕನ್ನಡಿಗರು ಬೆವರು ಸುರಿಸಿಕೊಂಡು ತೆಲುಗು ಮಾತಾಡಿದ್ದೆವು. ಇದು ನಮ್ಮೂರಿನಲ್ಲಿ ಆಗಾಗ ನಡೆಯುವ ಅಪಘಾತ. ಹಮಾಲಿಗಳು ನಮ್ಮ ಬಗ್ಗೆ ಏನು ಮಾತಾಡಿಕೊಳ್ಳುತ್ತಾರೆ ಎಂಬ ನನ್ನ ಬಹುಕಾಲದ ಕುತೂಹಲವೂ ಇಷ್ಟು ಸುಲಭವಾಗಿ, ಇಷ್ಟು ಪೂರ್ಣವಾಗಿ ತಣಿಯಿತು.

ಆಮೇಲೆ ಕೆಲಸ ಭರಾಟೆಯಿಂದ ನಡೆಯಿತು. ನೀವು ಒಮ್ಮೆಯಾದರೂ ನಿಮ್ಮ ಮನೆಯ ಸಾಮಾನನ್ನು ಹಗಲು ಬೆಳಕಿನಲ್ಲಿ, ಗೋಡೆಗಳಿಲ್ಲದೆ ನೋಡಬೇಕು. ಪಡಸಾಲೆಯಲ್ಲಿ ರಾಜಗಾಂಭೀರ್ಯದಿಂದಿದ್ದ ಸೋಫಾ ಸಿಮೆಂಟಿನ ನೆಲದ ಮೇಲೆ ಬಸ್ಸು ತಪ್ಪಿಸಿಕೊಂಡ ಪ್ರಯಾಣಿಕನ ಹಾಗೆ ಪೆಚ್ಚಾಗಿ ಕೂತಿತ್ತು. ಮಂಚವನ್ನು ಮಗುಚಿದಾಗ ತಳದಲ್ಲಿ ನಾನು ಚಿಕ್ಕವನಿದ್ದಾಗ ಬಳಪದಿಂದ ಬರೆದ ಒಂದು ಆನೆ ಕಂಡಿತು, ಅಥವಾ ಅದು ಇಂಜಿನ್ನೂ ಇರಬಹುದು. ಕೊನೆಗೆ ಅಲಮಾರಿ ಇಳಿಯಿತು. ಯಂಕಪ್ಪ ಅದನ್ನು ತಿರುಗಿಸಿ ಕಂಬಕ್ಕೆ ಆನಿಸುವಾಗ ಅದರ ಬೆನ್ನು ನಮ್ಮತ್ತ ಬಂತು, ಮತ್ತು ಆ ಬೆನ್ನು ನೀಲಿಯಾಗಿತ್ತು. ಅಲಮಾರಿಯ ಬಣ್ಣ ಕಂದು. ಮಲ್ಕಾಜ್‌ಗಿರಿಯ ಗೋಡೆಗೆ ಪ್ರತಿ ದಸರೆಗೆ ಅಲಮಾರಿಯನ್ನು ಗೇಣಷ್ಟೇ ಸರಿಸಿ ಬಳಿಯುತ್ತಿದ್ದ ನೀಲಿ ಸುಣ್ಣ, ವರ್ಷ ವರ್ಷವೂ ಅಷ್ಟಷ್ಟೇ ಅಂಟಿ, ಪದರಪದರವಾಗಿ ಗಟ್ಟಿಯಾಗಿ ಕೂತಿತ್ತು. ಗೋಡೆಯೇ ಒಂದು ತುಂಡು ಕಿತ್ತುಕೊಂಡು ನಮ್ಮ ಜೊತೆಗೆ ಬಂದಿತ್ತು.

ಯಂಕಪ್ಪ ಟವೆಲು ಬಿಚ್ಚಿ ಒರೆಸಲು ಹೋದ. "ಇರ್ಲಿ ಬಿಡೋ" ಎಂದಳು ಅವ್ವ. ಹತ್ತಿರ ಹೋಗಿ ಆ ನೀಲಿಯ ಮೇಲೆ ಅಂಗೈ ಇಟ್ಟಳು. ಅವಳ ಇನ್ನೊಂದು ಕೈಯಲ್ಲಿ ಚೀಲ ಹಾಗೆಯೇ ಇತ್ತು.

ಕುತೂಹಲದ ಸಂಗತಿಯೆಂದರೆ, ಯಾರೂ ಹೇಳದೆಯೇ ಆ ಹಮಾಲಿಗಳು ಸಾಮಾನನ್ನು ರಾಶಿ ಹಾಕಲಿಲ್ಲ, ಮನೆ ಮಾಡಿದರು. ಸೋಫಾದ ಎದುರಿಗೆ ಕುರ್ಚಿ, ಮಗ್ಗುಲಿಗೆ ಮೇಜು, ಅತ್ತ ಮಂಚ, ಮಂಚದ ತಲೆದೆಸೆಗೆ ಅಲಮಾರಿ. ಅವ್ವ ಮಂಚದ ಮೇಲೆ ಕೂತದ್ದೇ ತಡ, ಗೋಡೆಗಳಿಲ್ಲದ ಆ ಮನೆಗೆ ಜನ ಬರತೊಡಗಿದರು. ಮೆಟ್ಟಿಲಿಳಿದು ಬಂದ ಒಬ್ಬ ತರುಣ ಎಂಜಿನಿಯರು ಸೋಫಾದ ಮೇಲೆ ಕೂತು ಬೂಟಿನ ಲೇಸು ಕಟ್ಟಿಕೊಂಡ, ಅವ್ವ ಅವನ ಊರು, ಸಂಬಳ, ಮದುವೆಯ ವಿಚಾರ ಎಲ್ಲ ತಿಳಿದುಕೊಂಡಳು. ವಾಚ್‌ಮನ್ನಿನ ಹೆಂಡತಿ ನೀರು ತಂದುಕೊಟ್ಟು ಅಲ್ಲೇ ನಿಂತಳು. ಅಪಾರ್ಟ್‌ಮೆಂಟಿನ ಸೆಕ್ರೆಟರಿ ರಾವುಗಾರು, ಪಾರ್ಕಿಂಗಿನಲ್ಲಿ ಸಂಸಾರ ಹೂಡುವುದು ನಿಯಮಕ್ಕೆ ವಿರುದ್ಧವೆಂದು ಹೇಳಲು ಬಂದವರು, ಅವ್ವ "ರಂಡಿ, ಕೂರ್ಚೋಂಡಿ" ಎಂದು ತನ್ನ ಮಲ್ಕಾಜ್‌ಗಿರಿಯ ತೆಲುಗಿನಲ್ಲಿ ಬರಮಾಡಿಕೊಂಡು ಕುರ್ಚಿ ತೋರಿಸಲು, ಆತಿಥ್ಯಕ್ಕೆ ಸೋತು ಕೂತುಬಿಟ್ಟರು. ಐದನೆಯ ಅಂತಸ್ತಿನ ಮನೆಯನ್ನು ಇನ್ನೂ ನೋಡದ ಅವ್ವನಿಗೆ ಅದರ ಅಡಿಯ ನೆರೆಹೊರೆಯೆಲ್ಲ ಅಷ್ಟರಲ್ಲಿ ಪರಿಚಯವಾಗಿತ್ತು.

ಅಂತೂ ಒಲೆ ಹೊರಗೆ ಬಂತು. ನಾನು ವಿಜಯೋತ್ಸಾಹದಿಂದ ಅದನ್ನೆತ್ತಿಕೊಂಡು ಲಿಫ್ಟಿನತ್ತ ಓಡಿದೆ. ಗುಂಡಿ ಒತ್ತಿದೆ. ಒಳಗಿನ ದೀಪ ಒಮ್ಮೆ ಮಿಣುಕಿ ಆರಿಹೋಯಿತು. ಕರೆಂಟು ಹೋಗಿತ್ತು, ಜನರೇಟರನ್ನು ಬಿಲ್ಡರು ಇನ್ನೂ ಕೂಡಿಸಿರಲಿಲ್ಲ. ಒಲೆಯನ್ನು ಮೆಟ್ಟಿಲಲ್ಲಿ ಒಯ್ಯಬಹುದು, ಸಿಲಿಂಡರನ್ನೂ ಒಯ್ಯಬಹುದು. ಆದರೆ ಹಾಲಿಡಬೇಕಾದವಳು ಅವ್ವ, ಅವಳ ಮೊಣಕಾಲುಗಳಿಗೆ ಎರಡು ಮೆಟ್ಟಿಲೇ ಹೆಚ್ಚು.

ಯಂಕಪ್ಪ ಮುಂದೆ ಬಂದ. "ಅವ್ವಾರ, ಕುರ್ಚಿ ಮ್ಯಾಲ ಕುಂದ್ರಿ, ನಾವು ಎತ್ಕಂಡು ಹೋಗ್ತೀವಿ. ಅಲಮಾರಿಕಿಂತ ಹಗುರ ಅದೀರಿ ನೀವು."

"ಹೌದವ್ವ, ಅದೇ ಚಲೋ" ಎಂದೆ ನಾನೂ, ಸಮಸ್ಯೆ ಬಗೆಹರಿಯಿತೆಂಬ ಆತುರದಲ್ಲಿ.

ಅವ್ವ ಮಂಚದ ಮೇಲೆ ಕೂತಲ್ಲೇ ಚೀಲವನ್ನು ಎದೆಗೊತ್ತಿಕೊಂಡಳು. "ನಾ ಏನು ಸಾಮಾನೇನು, ಶಿವೂ?" ಎಂದಳು. ಸಿಟ್ಟಿನಿಂದಲ್ಲ, ಮೆಲ್ಲಗೆ. "ಮಂಚ ಬರ್ತೀನಿ ಅಂತೈತೇನು, ಬರೂದಿಲ್ಲ ಅಂತೈತೇನು? ಅದನ್ನ ಒಯ್ಯೂದು ಖರೆ. ನನ್ನೂ ಹಂಗ ಒಯ್ತೀರೇನು? ಬರ್ತೀಯೇನವ್ವಾ ಅಂತ ಒಬ್ಬರರ ಕೇಳೀರೇನು ನನ್ನ?"

ಭಾಷೆ ತಿಳಿಯದ ರಾವುಗಾರು ಕೂಡ ತಲೆ ತಗ್ಗಿಸಿದರು. ಹೌದಲ್ಲ! ಲಾರಿ ಯಾವುದು, ಬಾಡಿಗೆ ಮನೆ ಎಂಥದು, ಮಂಚ ಯಾವ ಕೋಣೆಗೆ ಎಂದೆಲ್ಲ ನಾವಿಬ್ಬರೂ ವಾರಗಟ್ಟಲೆ ಚರ್ಚಿಸಿದ್ದೆವು. ಅವ್ವನ ಶರತ್ತನ್ನು ಕೇಳಿದ್ದೆವು, ಅವ್ವನನ್ನು ಕೇಳಿರಲಿಲ್ಲ. ಅವಳು ಹಾಲು, ರಾಹುಕಾಲ ಎಂದೆಲ್ಲ ಶರತ್ತು ಹಾಕಿದ್ದು, ಯಾರಾದರೂ ಕೇಳುವ ತನಕ ಹೊತ್ತು ಕಳೆಯಲಿ ಎಂದೇ ಇರಬಹುದೇ? ನನಗೆ ಇವತ್ತಿಗೂ ತಿಳಿಯದು.

ಸುಮಂಗಲಾ ಹೋಗಿ ಮಂಚದ ಅಂಚಿಗೆ ಕೂತಳು. "ಅತ್ತ್ಯಾರ, ನಮ್ಮ ಜೋಡಿ ಇರಾಕ ಬರ್ತೀರೇನ್ರಿ? ನೀವು ಒಲ್ಲೆ ಅಂದ್ರ ಈ ಸಾಮಾನು ಹಿಂಗ ಲಾರಿಗೆ ಹಾಕಸ್ತೀನಿ. ಮಲ್ಕಾಜ್‌ಗಿರ್ಯಾಗನ ಇನ್ನೊಂದು ಮನಿ ಹುಡುಕೂಣು. ನಾ ಅಲ್ಲಿಂದನ ಓಡ್ಯಾಡ್ತೀನಿ."

ಅವಳು ಹಾಗೆ ಮಾಡುವವಳೇ ಎಂಬುದು ನನಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಅವ್ವ ಸುತ್ತ ನೋಡಿದಳು, ಸೋಫಾ, ಕುರ್ಚಿ, ವಾಚ್‌ಮನ್ನಿನ ಹೆಂಡತಿ, ರಾವುಗಾರು, ಕಂಬಕ್ಕೊರಗಿದ ನೀಲಿ ಬೆನ್ನು. ಆಮೇಲೆ ಸೊಸೆಯ ಕೈ ತಟ್ಟಿ, "ಹುಚ್ಚಿ" ಎಂದಳು. "ಒಲಿ ಇಲ್ಲೇ ಹಚ್ಚು. ಮನಿ ಅಂದ್ರ ಮ್ಯಾಲಿಂದಷ್ಟ ಏನು, ಇದೂ ಮನೀನ ಐತಿ."

ರಾವುಗಾರು ಪಾರ್ಕಿಂಗಿನಲ್ಲಿ ಬೆಂಕಿ ಹಚ್ಚುವುದರ ಬಗ್ಗೆ ಏನೋ ಹೇಳಲು ಬಾಯಿ ತೆರೆದು, ಸುಮಂಗಲಾಳ ಮುಖ ನೋಡಿ ಮುಚ್ಚಿಕೊಂಡರು. ಅಲಮಾರಿ ಆನಿಸಿದ್ದ ಕಂಬದ ಬಳಿ, ಪಕ್ಕದ ಕಾರೊಂದನ್ನು ದೂರ ಸರಿಸಿ, ಮೇಜಿನ ಮೇಲೆ ಒಲೆಯಿಟ್ಟೆವು. ಅವ್ವ ಪೂರ್ವಕ್ಕೆ ಮುಖ ಮಾಡಿ ಹಾಲಿಟ್ಟಳು. ಹಾಲು ಉಕ್ಕಲು ಎಷ್ಟು ಹೊತ್ತು ಬೇಕೆಂಬುದು ಕಾಯುವವರಿಗೇ ಗೊತ್ತು. ಎಲ್ಲರೂ ಪಾತ್ರೆಯ ಸುತ್ತ ಕುತ್ತಿಗೆ ಚಾಚಿ ನಿಂತೆವು. ಕೆನೆ ಕಟ್ಟಿ, ಅಂಚು ನಡುಗಿ, ನಡುವೆ ಗುಳ್ಳೆಯೆದ್ದು, ಒಂಬತ್ತಕ್ಕೆ ಇನ್ನೂ ಐದು ನಿಮಿಷವಿರುವಾಗ ಒಮ್ಮೆಲೇ ಬುಸುಬುಸು ಮೇಲೆದ್ದು ಉಕ್ಕಿ ಮೇಜಿನ ಮೇಲೆ ಹರಿಯಿತು. "ಉಕ್ತು, ಉಕ್ತು!" ಎಂದು ಎಲ್ಲರಿಗಿಂತ ಮೊದಲು ಕೂಗಿದವನು ಯಂಕಪ್ಪ. ಅವನ ಮುಖದಲ್ಲಿ ತನ್ನದೇ ಮನೆಯ ಹಾಲು ಉಕ್ಕಿದಷ್ಟು ಸಂತೋಷ.

ಸಕ್ಕರೆ ಹಾಕಿದ ಆ ಹಾಲನ್ನು ಸಿಕ್ಕ ಲೋಟ, ಬಟ್ಟಲುಗಳಲ್ಲೆಲ್ಲ ಹಂಚಿದೆವು. ಹಮಾಲಿಗಳು ಸೋಫಾದ ಮೇಲೆ, ನಾನು ಟ್ರಂಕಿನ ಮೇಲೆ. ಹಾಲು ಕುಡಿದು ಮುಗಿಯುವಷ್ಟರಲ್ಲಿ, ಇನ್ನೇನು ಅವಸರವಿಲ್ಲ ಎಂದಾದ ಮೇಲೆ ಬರುವುದೇ ತನ್ನ ಪದ್ಧತಿಯೆಂಬಂತೆ, ಕರೆಂಟು ಬಂತು. ಸಾಮಾನುಗಳು ಒಂದೊಂದಾಗಿ ಮೇಲೇರಿದವು. ಎಲ್ಲ ಮುಗಿದು ಮಂಚವೊಂದು ಉಳಿದಾಗ ಅವ್ವ ಎದ್ದಳು. ಯಂಕಪ್ಪ ಮಂಚಕ್ಕೆ ಕೈ ಹಾಕುವ ಮೊದಲು ತನ್ನ ಚೀಲವನ್ನು ಅವನತ್ತ ಚಾಚಿದಳು.

"ಇದನ್ನೂ ಒಯ್ಯಪ್ಪಾ" ಎಂದಳು. ಆಮೇಲೆ ತಾನೇ ನಡೆದು ಲಿಫ್ಟು ಹತ್ತಿದಳು.

ಅದರಲ್ಲಿ ಏನಿತ್ತೆಂದು ನಾನು ಯಂಕಪ್ಪನನ್ನು ಕೇಳಲಿಲ್ಲ. ಕೇಳುವ ಆಸೆ ಬಹಳ ಆಯಿತು, ಆದರೆ ಕುತೂಹಲಕ್ಕೂ ಒಂದು ಹೊಸಿಲು ಇರಬೇಕಲ್ಲ.

ಅಂದಿನಿಂದ ಅವ್ವ ಐದನೆಯ ಅಂತಸ್ತಿನಲ್ಲಿ ಮಲಗುತ್ತಿದ್ದಳು, ಉಣ್ಣುತ್ತಿದ್ದಳು, ಸಂಜೆಗಳನ್ನು ಮಾತ್ರ ಕೆಳಗೆ ಕಳೆಯುತ್ತಿದ್ದಳು. ಕಾರಿಲ್ಲದ ನಮ್ಮ ಪಾಲಿನ ಪಾರ್ಕಿಂಗಿನಲ್ಲಿ, ಹಾಲು ಉಕ್ಕಿದ ಆ ಕಂಬದ ಬಳಿ, ಒಂದು ಕುರ್ಚಿ ಹಾಕಿಸಿಕೊಂಡು, ಗಾಜಿನ ಕಟ್ಟಡಗಳಿಂದ ಮರಳುವ ಪ್ರತಿಯೊಬ್ಬರನ್ನೂ ತಡೆದು ವಿಚಾರಿಸುತ್ತಿದ್ದಳು. ಸುಮಂಗಲಾ ಮೇಲೆ ಬರುವ ಮೊದಲು ಅಲ್ಲೇ ನಿಂತು ದಿನದ ಸುದ್ದಿಯನ್ನೆಲ್ಲ ಸುರಿದು ಬರುತ್ತಿದ್ದಳು. ನನಗೆ ಈಗಲೂ ಸಾರಾಂಶ ಮಾತ್ರ.

ಕೆಲವು ವರ್ಷಗಳ ಮೇಲೆ ಮಾಲೀಕರು ಮನೆಗೆ ಹೊಸ ಬಣ್ಣ ಬಳಿಸುತ್ತೇವೆಂದರು. ಅಲಮಾರಿಯನ್ನು ಗೋಡೆಯಿಂದ ಸರಿಸಲು ಮತ್ತೆ ಅಡ್ಡಾಕ್ಕೆ ಹೋದೆ, ಈ ಸಲ ಕನ್ನಡದಲ್ಲೇ ಕೂಗಿ ಇಬ್ಬರನ್ನು ಕರೆತಂದೆ. ಅವರು ಅದನ್ನು ಎಳೆದು ತಿರುಗಿಸಿದಾಗ ಆ ಬೆನ್ನು ಮತ್ತೊಮ್ಮೆ ಬೆಳಕಿಗೆ ಬಂತು. ನೀಲಿ ಹಾಗೆಯೇ ಇತ್ತು. ಆದರೆ ಅದರ ಮೇಲೆ, ಬಿಲ್ಡರು ಬಳಿಸಿದ್ದ ಆ ಪುಡಿಪುಡಿ ಬಿಳಿ ಬಣ್ಣ, ಮುಟ್ಟಿದವರ ಬಟ್ಟೆಗೆಲ್ಲ ಮೆತ್ತುತ್ತಿದ್ದ ಬಣ್ಣ, ಅಲ್ಲಲ್ಲಿ ಗಟ್ಟಿಯಾಗಿ ಕೂತಿತ್ತು. ನಾನು ಅವ್ವನನ್ನು ಕೂಗಿದೆ. ಅವಳು ಗೋಡೆ ಹಿಡಿದುಕೊಂಡು ಬಂದು, ಕಣ್ಣು ಕಿರಿದು ಮಾಡಿ ನೋಡಿ, ಉಗುರಿನಿಂದ ಆ ಬಿಳಿಯನ್ನು ಕೆರೆದಳು. ಅದು ಬರಲಿಲ್ಲ.

"ಹತ್ಕೊಂಡೈತಿ" ಎಂದಳು ಅವ್ವ. ಮತ್ತೆ ಹಮಾಲಿಗಳತ್ತ ತಿರುಗಿ, "ಒರಸಬ್ಯಾಡ್ರಪಾ, ಹಂಗ ಇಡ್ರಿ" ಎಂದು ಹೇಳಿ, ಸಂಜೆಯ ಹೊತ್ತಾಯಿತೆಂದು ಕುರ್ಚಿ ತರಿಸಿಕೊಂಡು ಕೆಳಗೆ ಹೊರಟಳು.